ಬ್ರೂಕ್ಲಿನ್ ಹೈಟ್ಸ್‌ನ ಕೋ-ಆಪ್ ಮನೆ: ರೇಡಿಯೇಟರ್ ಜೊತೆಗಿನ ಸಂಸಾರ

ನ್ಯೂಯಾರ್ಕ್‌ನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡದ ಗೆಳೆಯರು ನನ್ನನ್ನು ಮೊದಲು ಕೇಳುವುದು ಎತ್ತರದ ಸೂರು, ಅಮೃತಶಿಲೆಯ ಅಗ್ಗಿಷ್ಟಿಕೆ ಮತ್ತು ಬೀದಿಯಿಂದ ಮೇಲೇರುವ ಕಂದು ಕಲ್ಲಿನ ಮೆಟ್ಟಿಲುಗಳ ಬಗ್ಗೆ. ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಾಕುವಂತಿಲ್ಲ ಎನ್ನುವುದನ್ನು ಬಿಟ್ಟರೆ ಅವೆಲ್ಲ ಮಾರಾಟದ ಚಿತ್ರಗಳಲ್ಲಿ ಕಂಡಷ್ಟೇ ಚೆನ್ನಾಗಿವೆ. ಈ ಒಂದು ಬೆಡ್‌ರೂಮಿನ ಮನೆಯೊಂದಿಗೆ ನನಗಿರುವ ಸ್ನೇಹವೂ ಜಗಳವೂ ಕಿಟಕಿಯ ಕೆಳಗೆ ಕೂತು ಉಗಿಯಿಂದ ಕೋಣೆ ಬಿಸಿಮಾಡುವ ಎರಕದ ಕಬ್ಬಿಣದ ರೇಡಿಯೇಟರ್‌ಗೆ ಸಂಬಂಧಿಸಿದ್ದು.

ಕೋ-ಆಪ್‌ನಲ್ಲಿ ಮನೆಯ ಕ್ರಯಪತ್ರ ನಮ್ಮ ಹೆಸರಿಗೆ ಆಗುವುದಿಲ್ಲ. ಇಡೀ ಕಟ್ಟಡ ಒಂದು ಸಂಸ್ಥೆಯ ಸ್ವತ್ತು. ನಾವು ಅದರ ಶೇರುಗಳನ್ನು ಕೊಂಡು, ಆ ಶೇರುಗಳ ಬಲದಿಂದ ನಮ್ಮ ಪಾಲಿನ ಕೋಣೆಗಳಲ್ಲಿ ವಾಸಿಸುವ ಗುತ್ತಿಗೆ ಪಡೆಯುತ್ತೇವೆ. ಪ್ರತಿ ತಿಂಗಳು ಕಟ್ಟುವ ಮೇಂಟೆನೆನ್ಸ್‌ನಲ್ಲಿ ಆಸ್ತಿ ತೆರಿಗೆ, ವಿಮೆ, ಬಿಸಿನೀರು ಮತ್ತು ಚಳಿಗಾಲದ ಶಾಖ ಸೇರಿರುತ್ತವೆ. ಒಂದೇ ಸಂಬಳದಲ್ಲಿ ಬದುಕುವ ನನಗೆ ಶಾಖಕ್ಕೆ ಬೇರೆ ಬಿಲ್ ಇಲ್ಲವೆಂಬುದು ದೊಡ್ಡ ಅನುಕೂಲವಾಗಿ ಕಂಡಿತ್ತು. ಆದರೆ ಬೇರೆ ಬಿಲ್ ಇಲ್ಲದ ಕಡೆ ಬೇರೆ ಗುಂಡಿಯೂ ಇರುವುದಿಲ್ಲ. ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರ್ ಇದೆ. ಶಾಖ ಅಳೆದು ಅದನ್ನು ನಡೆಸುವ ಥರ್ಮೋಸ್ಟ್ಯಾಟ್ ಕೆಳಗಿನ ಹಜಾರದ ಗೋಡೆಯಲ್ಲಿದೆ. ಬೀದಿಬಾಗಿಲು ತೆರೆದಾಗಲೆಲ್ಲ ಆ ಹಜಾರ ತಣ್ಣಗಾಗುತ್ತದೆ, ಬಾಯ್ಲರ್ ಉರಿಯುತ್ತದೆ, ಮೇಲಿನ ನಾವು ಬೇಯುತ್ತೇವೆ.

ನಗರದ ನಿಯಮದ ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗಿನ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದರೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕು. ಕನಿಷ್ಠದ ಬಗ್ಗೆ ನನ್ನ ದೂರು ಎಂದೂ ಇರಲಿಲ್ಲ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಬನಿಯನ್ ತೊಟ್ಟು, ಕಿಟಕಿ ತೆರೆದು ಕೂರಬೇಕಾಗುತ್ತದೆ. ಎಲ್ಲರೂ ಹಾಗೆಯೇ ಕೂರುವುದರಿಂದ ಬೀದಿಯನ್ನು ಬಿಸಿಮಾಡುವ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಶಾಖಕ್ಕಿಂತ ಹೆಚ್ಚು ಕಾಡಿದ್ದು ಸದ್ದು. ಇಲ್ಲಿಯದು ಒಂಟಿ ಕೊಳವೆಯ ವ್ಯವಸ್ಥೆ: ಉಗಿ ಮೇಲೇರುವುದೂ, ಅದು ತಣಿದು ನೀರಾಗಿ ಇಳಿಯುವುದೂ ಒಂದೇ ಕೊಳವೆಯಲ್ಲಿ. ಹೀಗಾಗಿ ರೇಡಿಯೇಟರ್‌ನ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಶಾಖ ತಗ್ಗಿಸಲೆಂದು ಅರ್ಧ ತಿರುಗಿಸಿದರೆ ನೀರು ಒಳಗೇ ನಿಂತು, ಉಗಿ ಬಂದು ಅದಕ್ಕೆ ಅಪ್ಪಳಿಸಿ, ಕಮ್ಮಾರಸಾಲೆಯಂಥ ಸದ್ದು ಬೆಳಗಿನ ಜಾವದಲ್ಲೇ ಶುರುವಾಗುತ್ತದೆ. ನನ್ನ ವಾಲ್ವ್ ಪೂರ್ತಿ ತೆರೆದಿದ್ದರೂ ಸದ್ದು ನಿಂತಿರಲಿಲ್ಲ. ಸಂಸ್ಥೆ ಮೊದಲು ಕಳಿಸಿದ ಪ್ಲಂಬರ್ ಹಳೆಯ ಮನೆಗಳೇ ಹೀಗೆ ಎಂದು ಹೇಳಿ ಹೋದರು. ಆಮೇಲೆ ಬಂದ ವಯಸ್ಸಾದ ಪ್ಲಂಬರ್ ರಸಮಟ್ಟ ಇಟ್ಟು ನೋಡಿ, ದೂರದ ಕಾಲುಗಳ ಕೆಳಗೆ ಎರಡು ತೆಳು ಮರದ ಬೆಣೆ ಕೊಟ್ಟು, ರೇಡಿಯೇಟರ್ ವಾಲ್ವ್‌ನ ಕಡೆಗೆ ಕೊಂಚ ಇಳಿಜಾರಾಗುವಂತೆ ಮಾಡಿದರು; ಗಾಳಿ ಹೊರಬಿಡಬೇಕಾದಲ್ಲಿ ನೀರುಗುಳುತ್ತಿದ್ದ ಏರ್ ವೆಂಟ್ ಬದಲಿಸಿದರು. ಅಷ್ಟೇ. ಈಗ ಕೇಳುವುದು ಉಗಿ ಬರುವ ಮುನ್ನ ಗಾಳಿ ಹೊರಡುವ ಸಣ್ಣ ಸುಯ್ಲು ಮಾತ್ರ.

ಸದ್ದು ಹೋದಮೇಲೆ ಆ ಕಬ್ಬಿಣದ ಉಪಕಾರಗಳು ಕಾಣತೊಡಗಿದವು. ರಾತ್ರಿ ರುಬ್ಬಿದ ಉದ್ದಿನ ಹಿಟ್ಟನ್ನು ಕಿಟಕಿಯ ಕಟ್ಟೆಯ ಮೇಲೆ, ರೇಡಿಯೇಟರ್‌ಗೆ ಒಂದು ಮೊಳ ದೂರದಲ್ಲಿಟ್ಟರೆ, ಜನವರಿಯಲ್ಲೂ ಬೆಳಿಗ್ಗೆ ಅದು ಪಾತ್ರೆಯ ಅಂಚಿಗೆ ಉಬ್ಬಿ ಬಂದಿರುತ್ತದೆ. ತೀರ ಹತ್ತಿರವಿಟ್ಟರೆ ಹುಳಿಯಾಗಿ, ಮೇಲ್ಪದರ ಒಣಗುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಬಟ್ಟಲಿಗೆ ಇನ್ನೂ ಸ್ವಲ್ಪ ದೂರ, ಪುಸ್ತಕದ ಕಪಾಟಿನ ಮೂಲೆಯೇ ಸರಿ. ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಮಾಡಿರುವ ಸ್ನೇಹಿತರು ಹಿಟ್ಟನ್ನು ಓವನ್‌ನೊಳಗೆ ದೀಪ ಹಾಕಿಟ್ಟು ಕಾಯುತ್ತಾರೆ; ಈ ಒಂದು ವಿಷಯದಲ್ಲಿ ಅವರಿಗೆ ನನ್ನ ಮೇಲೆ ಅಸೂಯೆಯಿದೆ ಎಂದು ನಂಬಿದ್ದೇನೆ.

ಉಳಿದ ಕಿರಿಕಿರಿಗಳು ಸಣ್ಣವಲ್ಲ. ಬ್ರೂಕ್ಲಿನ್ ಹೈಟ್ಸ್ 1965ರಲ್ಲಿ ನಗರದ ಮೊದಲ ಐತಿಹಾಸಿಕ ವಲಯವಾಗಿ ಘೋಷಿತವಾದ ಬಡಾವಣೆ. ಗಾಳಿ ನುಗ್ಗುವ ಮುಂಭಾಗದ ಕಿಟಕಿ ಬದಲಿಸಲು ಸಹ-ಶೇರುದಾರರ ಒಪ್ಪಿಗೆಯ ಜೊತೆಗೆ ಪರಂಪರೆ ಆಯೋಗದ ಪರವಾನಗಿಯೂ ಬೇಕು. ಹಳೆಯ ಕೊಳವೆಗಳ ಕಾರಣದಿಂದ ಮನೆಯೊಳಗೆ ವಾಷಿಂಗ್ ಮೆಷಿನ್ ಇಡುವಂತಿಲ್ಲ, ಬಟ್ಟೆ ಹೊತ್ತು ಬೀದಿ ದಾಟಬೇಕು. ಹಿಮ ಬಿದ್ದರೆ ಕಾಲುದಾರಿ ಗೋರುವ ಸರದಿ ನಮ್ಮದೇ. ಬಾಡಿಗೆಗೆ ಕೊಡಲು ಸಂಸ್ಥೆಯ ಮಂಡಳಿಯ ಅನುಮತಿ ಬೇಕು, ಅದೂ ಅಲ್ಪಾವಧಿಗೆ ಮಾತ್ರ. ನಾಲ್ಕೈದು ವರ್ಷದಲ್ಲಿ ಊರಿಗೆ ಮರಳಿ, ಬಾಡಿಗೆ ತಿನ್ನುತ್ತಾ ಇರೋಣ ಎಂಬ ಲೆಕ್ಕಾಚಾರದವರು ಇಂಥ ಮನೆಯನ್ನು ನೋಡಲೂ ಹೋಗಬಾರದು. ಇಲ್ಲೇ ಇದ್ದು ಬಾಳುವವರಿಗೆ, ಅದರಲ್ಲೂ ಒಬ್ಬರಿಗೋ ಇಬ್ಬರಿಗೋ, ಇದೇ ಬಡಾವಣೆಯ ಕಾಂಡೊ (ಕ್ರಯಪತ್ರ ನಮ್ಮ ಹೆಸರಿಗೇ ಆಗುವ ಮನೆ) ಬೆಲೆಗಳ ಎದುರು ಇದು ಒಳ್ಳೆಯ ವ್ಯವಹಾರವೇ.

ಹಜಾರದ ಥರ್ಮೋಸ್ಟ್ಯಾಟ್ ತೆಗೆದು, ಪ್ರತಿ ಮನೆಯಲ್ಲೂ ಸೆನ್ಸರ್ ಇಟ್ಟು ಸರಾಸರಿಯ ಮೇಲೆ ಬಾಯ್ಲರ್ ನಡೆಸುವ ಪ್ರಸ್ತಾಪ ಮುಂದಿನ ವಾರ್ಷಿಕ ಸಭೆಗೆ ಬರಲಿದೆ. ಮೇಂಟೆನೆನ್ಸ್ ಸ್ವಲ್ಪ ಏರಿದರೂ ನನ್ನ ಮತ ಅದರ ಪರ. ನನ್ನ ಪಾಲಿನ ಸೆನ್ಸರ್ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಬರದಂತೆ ಮಾತ್ರ ನೋಡಿಕೊಳ್ಳಬೇಕು.