ಫಿಫಾ ‘ಇಲೆವೆನ್ ಪ್ಲಸ್’: ಗಾಯ ತಪ್ಪಿಸುತ್ತದೆ, ಬಲಕ್ಕೆ ಸಾಲದು

ಫುಟ್ಬಾಲ್ ಆಟಗಾರರಿಗೆಂದು ಪುಕ್ಕಟೆಯಾಗಿ ಸಿಗುವ ವ್ಯಾಯಾಮ ಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು, ಫಿಫಾದ ವೈದ್ಯಕೀಯ ಸಂಶೋಧನಾ ಕೇಂದ್ರವು 2006ರಲ್ಲಿ ತಜ್ಞರೊಡನೆ ಸೇರಿ ರೂಪಿಸಿದ ‘ಇಲೆವೆನ್ ಪ್ಲಸ್’. ಸುಮಾರು 20 ನಿಮಿಷದ ಈ ಕ್ರಮದಲ್ಲಿ 15 ವ್ಯಾಯಾಮಗಳಿವೆ: ಮೊದಲು ನಿಧಾನದ ಓಟ, ನಡುವೆ ಪ್ಲಾಂಕ್, ನಾರ್ಡಿಕ್, ಒಂಟಿಕಾಲಿನ ಸಮತೋಲನ, ಬಸ್ಕಿ ಮತ್ತು ಜಿಗಿತ, ಕೊನೆಗೆ ವೇಗದ ಓಟ. ಚೆಂಡು ಮತ್ತು ಕೆಲವು ಕೋನ್‌ಗಳಿದ್ದರೆ ಸಾಕಾಗುವುದರಿಂದ, ಜಿಮ್ಮಿನ ಶುಲ್ಕ ಹೊಂದಿಸಲಾಗದ ನಮ್ಮ ಸಣ್ಣ ಕ್ಲಬ್ಬುಗಳಿಗೂ ಇದು ಎಟುಕುತ್ತದೆ.

ಗಾಯ ತಡೆಯುವ ವಿಷಯದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಬಹುದು. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಗಾಯಗಳು ಮೂರನೇ ಒಂದು ಭಾಗದಷ್ಟು, ತೀವ್ರ ಗಾಯಗಳು ಅರ್ಧದ ಹತ್ತಿರ ಇಳಿದವು. ಈ ಕ್ರಮದಲ್ಲಿ ನನಗೆ ಅತಿ ಮೌಲ್ಯಯುತವೆನಿಸುವುದು ನಾರ್ಡಿಕ್: ಮಂಡಿಯೂರಿದವನ ಕಣಕಾಲನ್ನು ಜೊತೆಗಾರ ಅದುಮಿ ಹಿಡಿದಿರುವಾಗ, ಸೊಂಟ ಬಾಗಿಸದೆ ದೇಹವನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ಕಸರತ್ತು. 2004ರ ಇನ್ನೊಂದು ನಾರ್ವೆ ಅಧ್ಯಯನದಲ್ಲಿ 10 ವಾರ ನಾರ್ಡಿಕ್ ಮಾಡಿದವರ ತೊಡೆ ಹಿಂಭಾಗದ ಸ್ನಾಯು, ಹಿಗ್ಗುತ್ತಲೇ ಭಾರ ತಡೆಯುವ ಶಕ್ತಿಯಲ್ಲಿ ಶೇ 11ರಷ್ಟು ಹೆಚ್ಚಿತು. ಮಂಡಿ ಮಡಿಚಿ ಭಾರ ಎಳೆಯುವ ಲೆಗ್ ಕರ್ಲ್ ಯಂತ್ರ ಬಳಸಿದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆದರೂ ಜಿಮ್ಮುಗಳಲ್ಲಿ ಆ ಯಂತ್ರದ ಮುಂದೆಯೇ ಸರತಿ ಇರುತ್ತದೆ.

ತೊಡೆಸಂದಿನ ಸ್ನಾಯುಗಳಿಗೆ ಮಾತ್ರ ಈ ಕ್ರಮ ಕೊಡುವ ಕೆಲಸ ಕಡಿಮೆ. ಜೊತೆಗಾರನು ಮೇಲಿನ ಕಾಲನ್ನು ಹಿಡಿದಿರುವಾಗ ಪಕ್ಕಕ್ಕೆ ಮಲಗಿ ದೇಹ ಎತ್ತುವ ‘ಕೋಪನ್‌ಹೇಗನ್’ ವ್ಯಾಯಾಮವನ್ನು ಸೇರಿಸಿಕೊಂಡರೆ ಆ ಕೊರತೆ ನೀಗುತ್ತದೆ. ನಾರ್ವೆಯ ಅರೆ ವೃತ್ತಿಪರ ಆಟಗಾರರಲ್ಲಿ ಇದರಿಂದ ತೊಡೆಸಂದಿನ ತೊಂದರೆಯ ಸಾಧ್ಯತೆ ಶೇ 41ರಷ್ಟು ಕಡಿಮೆಯಾಯಿತೆಂದು 2019ರ ವರದಿ ಹೇಳುತ್ತದೆ.

ವೇಗ ಮತ್ತು ಜಿಗಿತ ಬೇಕೆನ್ನುವವರಿಗೆ ಇಷ್ಟು ಸಾಲದು. ಸ್ವಂತ ದೇಹತೂಕದ ಬಸ್ಕಿಗೆ ಸ್ನಾಯುಗಳು ಬೇಗ ಒಗ್ಗಿಹೋಗುತ್ತವೆ. ಆಮೇಲೆ ಬಲ ಬೆಳೆಯಬೇಕಾದರೆ ಭಾರ ಏರಲೇಬೇಕು. ನಾರ್ವೆಯ ರೋಸೆನ್‌ಬೋರ್ಗ್ ಕ್ಲಬ್ಬಿನ ಆಟಗಾರರ ಕುರಿತ 2004ರ ಅಧ್ಯಯನದಲ್ಲಿ ಅರ್ಧ ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಅರ್ಧ ಕೂತು ಏಳುವ ಬಸ್ಕಿ) ಹೆಚ್ಚು ಭಾರ ಎತ್ತಿದವರೇ 10 ಮೀಟರ್ ಓಟದಲ್ಲಿ, ನೇರ ಜಿಗಿತದಲ್ಲಿ ಮುಂದಿದ್ದರು. ಹಾಗಾಗಿ ಪಂದ್ಯಗಳ ಋತುವಿಗೆ ಮುನ್ನ ವಾರಕ್ಕೆ ಎರಡು ಬಾರಿ, ತರಬೇತುದಾರರ ಕಣ್ಣೆದುರು, ನಾಲ್ಕೈದು ಪುನರಾವರ್ತನೆಗಳ ಬಾರ್ಬೆಲ್ (ಭಾರದ ಸರಳು) ಸ್ಕ್ವಾಟ್‌ಗೆ ಹಣ ಹಾಕುವುದು ಸಾರ್ಥಕ. ಋತು ಆರಂಭವಾದ ಮೇಲೆ ಗಳಿಸಿದ್ದನ್ನು ಉಳಿಸಿಕೊಳ್ಳಲು ವಾರಕ್ಕೊಂದು ಬಾರಿ ಸಾಕು. ‘ಇಲೆವೆನ್ ಪ್ಲಸ್’ ಅನ್ನು ಆಗಲೂ ಬಿಡಬಾರದು, ಆದರೆ ನಾರ್ಡಿಕ್ ಅನ್ನು ಅಭ್ಯಾಸದ ಕೊನೆಗೆ ಸರಿಸಿ, ಹೊಸಬರಿಗೆ ಪಂದ್ಯದ ಹಿಂದಿನ ದಿನ ಅದನ್ನು ಮಾಡಿಸದಿರುವುದು ಒಳಿತು: ಮೊದಲ ವಾರಗಳ ಸ್ನಾಯುನೋವು ಒಂದೆರಡು ದಿನ ಬಿಡುವುದಿಲ್ಲ.