ಒಂದೇ ಕೆಂಪು ದೈತ್ಯ, ಎರಡು ದೂರದರ್ಶಕ: ಕೆಪ್ಲರ್ ಮತ್ತು ಟೆಸ್ ಹೋಲಿಕೆ

ಮಳೆಗಾಲದ ಶಿರಸಿಯಲ್ಲಿ ಅಭಿಜಿತ್ ನಕ್ಷತ್ರ ವಾರಗಟ್ಟಲೆ ಮೋಡದ ಮರೆಯಲ್ಲೇ ಉಳಿಯುತ್ತದೆ. ಆದರೆ ಅದರ ಆಸುಪಾಸಿನ ಆಕಾಶವನ್ನು ನಾಸಾದ ಎರಡು ಬಾಹ್ಯಾಕಾಶ ದೂರದರ್ಶಕಗಳು ಅಳೆದಿಟ್ಟ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುವುದರಿಂದ, ಕಳೆದ ಆಷಾಢದಲ್ಲಿ ಅಲ್ಲಿನ ಒಂದು ಕೆಂಪು ದೈತ್ಯವನ್ನು (ಮುಪ್ಪಿನಲ್ಲಿ ಉಬ್ಬಿ ಕೆಂಪಾದ ನಕ್ಷತ್ರವನ್ನು) ಆರಿಸಿಕೊಂಡು, ಅದರ ಬೆಳಕಿನ ಏರಿಳಿತವನ್ನು ಎರಡೂ ಮೂಲಗಳಿಂದ ಇಳಿಸಿಕೊಂಡು ವಿಶ್ಲೇಷಿಸಿದೆ. ಕೆಪ್ಲರಿನದು 2009ರಿಂದ 2013ರವರೆಗಿನ ನಾಲ್ಕು ವರ್ಷಗಳ ಅಳತೆ. ಟೆಸ್‌ನದು 2019ರ 27 ದಿನಗಳದ್ದು.

ಟೆಸ್ ಕೆಲಸ ಒಂದೇ ಸಂಜೆಯಲ್ಲಿ ಮುಗಿಯಿತು. ಕೆಪ್ಲರ್ ನೌಕೆ ಮೂರು ತಿಂಗಳಿಗೊಮ್ಮೆ 90 ಡಿಗ್ರಿ ತಿರುಗುತ್ತಿದ್ದುದರಿಂದ ನಕ್ಷತ್ರದ ಬೆಳಕು ಪ್ರತಿ ಸಲ ಬೇರೆ ಸಂವೇದಕದ ಮೇಲೆ ಬಿದ್ದು ಮಟ್ಟ ಜಿಗಿಯುತ್ತದೆ. ಆ ತುಂಡುಗಳನ್ನು ಹೊಂದಿಸಲು ಎರಡು ವಾರ ಬೇಕಾಯಿತು. ಮೊದಲ ಯತ್ನದಲ್ಲಿ ನಾಲ್ಕು ಗಂಟೆಯ ಸರಾಸರಿಯನ್ನು ಕಳೆಯಲು ಹೋಗಿ, ನಾನು ಹುಡುಕುತ್ತಿದ್ದ, ಸುಮಾರು ಎಂಟು ಗಂಟೆಗೊಮ್ಮೆ ಮರುಕಳಿಸಿ ಬೆಳಕನ್ನು ಏರಿಳಿಸುವ ನಕ್ಷತ್ರದ ಕಂಪನವನ್ನೇ ಬಹುಪಾಲು ಅಳಿಸಿಹಾಕಿದ್ದೆ.

ಕಂಪನ ಅತಿ ಪ್ರಬಲವಾಗಿರುವ ಆವರ್ತನ ಎರಡರಲ್ಲೂ 35 ಮೈಕ್ರೋಹರ್ಟ್ಜ್ ಸುಮಾರಿಗೆ ಬಂತು. ‘ದೊಡ್ಡ ಅಂತರ’, ಅಂದರೆ ಒಂದೇ ಬಗೆಯ ಅನುಕ್ರಮ ಕಂಪನಗಳ ಆವರ್ತನಗಳ ನಡುವಿನ ಅಂತರ, ಕೆಪ್ಲರಿನಲ್ಲಿ 4.1 ಮೈಕ್ರೋಹರ್ಟ್ಜ್, ಟೆಸ್‌ನಲ್ಲಿ 4.2. ವ್ಯತ್ಯಾಸ ಅಲ್ಪವೆನಿಸಿದರೂ, ದ್ರವ್ಯರಾಶಿಯ ಸೂತ್ರದಲ್ಲಿ ಈ ಅಂತರದ ನಾಲ್ಕನೆಯ ಘಾತ ಭಾಜಕವಾಗಿರುವುದರಿಂದ, ಮೇಲ್ಮೈ ಉಷ್ಣತೆಯನ್ನು 4800 ಕೆಲ್ವಿನ್ ಎಂದು ಹಿಡಿದಾಗ ಸೂರ್ಯನ 1.3 ಪಟ್ಟು ಇದ್ದದ್ದು 1.2ಕ್ಕೆ ಇಳಿಯಿತು.

ಇಲ್ಲಿಯವರೆಗೆ ಟೆಸ್ ಸಾಕು. ಒಳಗಿನ ತಿರುಳಿನ ಪ್ರಶ್ನೆಗೆ ಬಂದಾಗ ಮಾತ್ರ ಅದು ಸೋತಿತು. ಕೆಂಪು ದೈತ್ಯದ ಹೊರಪದರದ ಒತ್ತಡದ ಅಲೆಗಳು ತಿರುಳಿನ ಗುರುತ್ವ ಅಲೆಗಳೊಂದಿಗೆ (ತೇಲುವ ಬಲದಿಂದ ಏಳುವ ಅಲೆಗಳು; ಐನ್‌ಸ್ಟೈನರ ಗುರುತ್ವ ತರಂಗಗಳಲ್ಲ) ಬೆರೆತು ಮಿಶ್ರ ಕಂಪನಗಳಾಗುತ್ತವೆ. ಜಲಜನಕ ತಿರುಳಿನ ಸುತ್ತಲಿನ ಕವಚದಲ್ಲಷ್ಟೇ ಉರಿಯುತ್ತಿದ್ದರೆ ಇವುಗಳ ಅವಧಿಯ ಅಂತರ ಸಾಮಾನ್ಯವಾಗಿ 100 ಸೆಕೆಂಡಿಗಿಂತ ಕಡಿಮೆ. ತಿರುಳಿನಲ್ಲೇ ಹೀಲಿಯಂ ಉರಿಯುತ್ತಿದ್ದರೆ ಈ ಬಗೆಯ ನಕ್ಷತ್ರದಲ್ಲಿ 300ರ ಸುಮಾರು. ಹೊರಗಿನ ಗಾತ್ರ, ಕಾಂತಿ ಎರಡೂ ಒಂದೇ ಇದ್ದರೂ ಒಳಗಿನ ಈ ಭೇದ ಹೀಗೆ ತಿಳಿಯುತ್ತದೆ. 35 ಮೈಕ್ರೋಹರ್ಟ್ಜ್‌ನಲ್ಲಿ 300 ಸೆಕೆಂಡೆಂದರೆ 0.37 ಮೈಕ್ರೋಹರ್ಟ್ಜ್. 27 ದಿನಗಳ ಅಳತೆ 0.43ಕ್ಕಿಂತ ಹತ್ತಿರದ ಶಿಖರಗಳನ್ನು, ಅಂದರೆ ಒಂದೊಂದು ಕಂಪನ ಮೂಡಿಸುವ ಏರುಗಳನ್ನು, ಬಿಡಿಸಲಾರದು. ನಾಲ್ಕು ವರ್ಷಗಳದ್ದು 0.008ರವರೆಗೂ ಬಿಡಿಸುತ್ತದೆ. ಕೆಪ್ಲರ್ ರೋಹಿತದಲ್ಲಿ (ಆವರ್ತನವಾರು ಕಂಪನದ ಬಲ ತೋರಿಸುವ ನಕ್ಷೆಯಲ್ಲಿ) ಶಿಖರಗಳು ಬಿಡಿಬಿಡಿಯಾಗಿ ನಿಂತವು, ಅವಧಿಯ ಅಂತರ 300 ಸೆಕೆಂಡಿನ ಆಸುಪಾಸಿಗೆ ಬಂತು: ತಿರುಳಿನಲ್ಲಿ ಹೀಲಿಯಂ ಉರಿಯುತ್ತಿದೆ. ಟೆಸ್ ರೋಹಿತದಿಂದ ಅದನ್ನೇ ಹೇಳಲು ಹೊರಡುವುದು ಸಿಪ್ಪೆ ಸುಲಿಯದೆ ಅಡಿಕೆಗೆ ದರ ಕಟ್ಟಿದಂತೆ.

ಆದರೂ ಟೆಸ್ ಅನ್ನು ತಳ್ಳಿಹಾಕಲಾರೆ. ಕೆಪ್ಲರ್ ಆ ನಾಲ್ಕು ವರ್ಷ ನೋಡಿದ್ದು 115 ಚದರ ಡಿಗ್ರಿಯ ಒಂದೇ ತುಣುಕನ್ನು. ಟೆಸ್ ಬಹುತೇಕ ಇಡೀ ಆಕಾಶವನ್ನು ನೋಡುತ್ತಿದೆ. ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ) ಧ್ರುವಗಳ ಬಳಿಯ ನಕ್ಷತ್ರಗಳಿಗೆ ಸುಮಾರು ಒಂದು ವರ್ಷದ ಅಳತೆ ಸಿಗುವುದರಿಂದ, ಅಲ್ಲಿ 0.03 ಮೈಕ್ರೋಹರ್ಟ್ಜ್ ಅಂತರವನ್ನೂ ಬಿಡಿಸಬಹುದು. ನನ್ನ ಮುಂದಿನ ನಕ್ಷತ್ರವನ್ನು ಅಲ್ಲಿಂದಲೇ ಆರಿಸುತ್ತೇನೆ.