ರಸ್ತೆ ಬದಿಯ ಚಾರ್ಜಿಂಗ್ ಪೆಟ್ಟಿಗೆಗೆ ರಾತ್ರಿ ಕಾರು ಜೋಡಿಸುವ ಮುನ್ನ ಸಮ-ಬೆಸ ದಿನಾಂಕದ ಫಲಕ ನೋಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಸ್ವಂತ ನಿಲುಗಡೆ ಜಾಗವಿಲ್ಲದೆ, ವಿದ್ಯುತ್ ಕಾರಿಗೆ ರಸ್ತೆ ಬದಿಯ ಚಾರ್ಜಿಂಗ್ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಾನು ಕಳೆದುಕೊಂಡ ಹಣ ದೊಡ್ಡದಲ್ಲ. ಆದರೆ ಅದಕ್ಕೆ ಕಾರಣವಾದ ಏರ್ಪಾಡು ಈಗಲೂ ಹಾಗೆಯೇ ಇದೆ.

ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿರುವುದು 3.3 ಕಿಲೋವ್ಯಾಟ್ ಸಾಮರ್ಥ್ಯದ ನಿಧಾನಗತಿಯ ಪೆಟ್ಟಿಗೆ. ನನ್ನ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್ ಹಿಡಿಯುವಂಥದ್ದಾದ್ದರಿಂದ, ಬರಿದಾಗುತ್ತ ಬಂದಾಗ ಅದನ್ನು ತುಂಬಿಸಲು ಒಂಬತ್ತು ಗಂಟೆಯಾದರೂ ಬೇಕು. ಹಾಗಾಗಿ ರಾತ್ರಿ ಜೋಡಿಸಿ ಬೆಳಿಗ್ಗೆ ತೆಗೆಯುವುದೊಂದೇ ದಾರಿ. ಆದರೆ ಆ ರಸ್ತೆಯಲ್ಲಿ ಸಮ ದಿನಾಂಕದಂದು ಒಂದು ಬದಿಯಲ್ಲಿ, ಬೆಸ ದಿನಾಂಕದಂದು ಇನ್ನೊಂದು ಬದಿಯಲ್ಲಿ ವಾಹನ ನಿಲ್ಲಿಸಬೇಕೆಂಬ ಫಲಕವಿದೆ. ಅದನ್ನು ತಿಳಿಸಿಯೇ ಪೆಟ್ಟಿಗೆ ನಿರ್ವಹಿಸುವ ಸಂಸ್ಥೆಯ ಸಹಾಯವಾಣಿಯಲ್ಲಿ ಮುಂಚಿತವಾಗಿ ವಿಚಾರಿಸಿದ್ದೆ. ಸೇವೆ ದಿನದ 24 ಗಂಟೆಯೂ ಇರುತ್ತದೆ, ಚಾರ್ಜ್ ಆಗುತ್ತಿರುವ ಕಾರಿಗೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಅವರು ಖಚಿತವಾಗಿ ಹೇಳಿದರು.

ಬೆಳಿಗ್ಗೆ ಹೋಗಿ ನೋಡಿದಾಗ ಮುಂದಿನ ಚಕ್ರಕ್ಕೆ ಬೀಗ ಬಿದ್ದಿತ್ತು. ಪೆಟ್ಟಿಗೆ ನೆಲದಲ್ಲಿ ಊರಿಕೊಂಡು ಒಂದೇ ಬದಿಯಲ್ಲಿದೆ, ನಿಲುಗಡೆಯ ಬದಿ ಮಾತ್ರ ಮಧ್ಯರಾತ್ರಿ 12ಕ್ಕೆ ಬದಲಾಗುತ್ತದೆ; ಹಾಗಾಗಿ ಸಂಜೆ ಸರಿಯಾದ ಬದಿಯಲ್ಲಿ ನಿಲ್ಲಿಸಿದ್ದ ಕಾರು ಮಿಸುಕದೆಯೇ ತಪ್ಪು ಬದಿಗೆ ಸೇರಿತ್ತು. (31ರ ಮರುದಿನ ಬರುವ 1 ಕೂಡ ಬೆಸ ದಿನಾಂಕವಾದ್ದರಿಂದ ಆ ರಾತ್ರಿಯೊಂದರಲ್ಲಿ ಈ ತೊಡಕಿಲ್ಲ.) ನಾನು ದಂಡ ಕಟ್ಟಿ ಬೀಗ ತೆಗೆಸುವಷ್ಟರಲ್ಲಿ, ಚಾರ್ಜಿಂಗ್ ಮುಗಿದರೂ ಜಾಗ ತೆರವು ಮಾಡಿಲ್ಲವೆಂದು ಆ್ಯಪ್‌ನಲ್ಲಿದ್ದ ನನ್ನ ಮುಂಗಡ ಹಣದಿಂದ ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಕಡಿತವಾಗುತ್ತಲೇ ಇತ್ತು. ಚಕ್ರಕ್ಕೆ ಬೀಗ ಹಾಕಿಸಿಕೊಂಡ ಕಾರು ಜಾಗ ಬಿಡುವುದು ಹೇಗೆಂದು ಕೇಳಿದರೆ, ನಿಲುಗಡೆ ತಮಗೆ ಸಂಬಂಧಿಸಿದ್ದಲ್ಲ ಎಂದು ಸಂಸ್ಥೆಯವರು ಹೇಳಿದರು. ಬೀಗ ಹಾಕಿದವರು ಫಲಕವನ್ನು ತೋರಿಸಿದರು. ಅವರ ಮಾತೂ ಸರಿಯೇ, ಏಕೆಂದರೆ ಚಾರ್ಜ್ ಆಗುವ ವಾಹನಕ್ಕೆ ವಿನಾಯಿತಿ ಇದೆಯೆಂದು ಆ ಫಲಕದಲ್ಲಿ ಎಲ್ಲಿಯೂ ಬರೆದಿಲ್ಲ.

2017ರಲ್ಲಿ ವಿದ್ಯುತ್ ವಾಹನಗಳಿಗಾಗಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು. ನಗರಗಳಲ್ಲಿ 3 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ಪ್ರತಿ ಚೌಕಕ್ಕೆ ಕನಿಷ್ಠ ಒಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2018ರ ಮಾರ್ಗಸೂಚಿ ಹೇಳಿತ್ತು. ಹೀಗೆ ಕೇಂದ್ರಗಳ ಲೆಕ್ಕವಿಟ್ಟರೆ ಸಾಲದು. ಬ್ಯಾಟರಿ ತುಂಬುವಷ್ಟು ಹೊತ್ತು ಕಾರು ಅಲ್ಲಿ ನಿಲ್ಲಬಹುದೇ ಎಂಬುದನ್ನೂ ಪೆಟ್ಟಿಗೆ ನೆಡುವ ಮುನ್ನವೇ ತೀರ್ಮಾನಿಸಬೇಕು. ಮನೆಯಲ್ಲಿ ಜಾಗವಿರುವವರಿಗೆ ತಮ್ಮದೇ ಸಂಪರ್ಕದಿಂದ ಚಾರ್ಜ್ ಮಾಡಿಕೊಳ್ಳಲು 2022ರ ಮಾರ್ಗಸೂಚಿ ಸ್ಪಷ್ಟ ಅವಕಾಶ ಕೊಟ್ಟಿದೆ. ಜಾಗವಿಲ್ಲದವರಿಗೆ ಉಳಿಯುವುದು ರಸ್ತೆಯೊಂದೇ, ಅದರ ನಿಯಮವೇ ಹೀಗಿದೆ.

ಆದ್ದರಿಂದ ಫಲಕದಲ್ಲಿ ಈ ದಿನದ ಬದಿಯ ಜೊತೆಗೆ ನಾಳೆಯ ಬದಿಯನ್ನೂ ನೋಡಿಕೊಳ್ಳಿ. ಬದಿ ಬದಲಾಗುವುದಿದ್ದರೆ, ಪೆಟ್ರೋಲ್ ಬಂಕ್ ಅಥವಾ ಮಾಲ್‌ನ ಆವರಣದೊಳಗಿನ ವೇಗದ ಡಿಸಿ ಚಾರ್ಜರ್‌ನಲ್ಲಿ, ದರ ಹೆಚ್ಚಾದರೂ, ಸಂಜೆಯೇ ಕೆಲಸ ಮುಗಿಸಿಕೊಳ್ಳಿ. ಸಹಾಯವಾಣಿಯ ಬಾಯಿಮಾತನ್ನು ನಂಬದೆ ಉತ್ತರವನ್ನು ಬರಹದಲ್ಲಿ ಪಡೆಯಿರಿ, ಆ್ಯಪ್‌ನಲ್ಲಿ ಹೆಚ್ಚು ಹಣ ಇಡಬೇಡಿ. ಇದರಿಂದ ಬೇಸತ್ತು ಮನೆಯ ಕಿಟಕಿಯಿಂದ ಪಾದಚಾರಿ ಮಾರ್ಗದ ಮೇಲೆ ವೈರ್ ಎಳೆಯುವವರನ್ನು ಕಂಡಿದ್ದೇನೆ; ಅದನ್ನಂತೂ ಖಂಡಿತ ಮಾಡಬೇಡಿ. 3.3 ಕಿಲೋವ್ಯಾಟ್ ಎಂದರೆ ಗಂಟೆಗಟ್ಟಲೆ 14 ಆಂಪಿಯರ್‌ಗೂ ಮಿಕ್ಕಿದ ವಿದ್ಯುತ್ ಹರಿಯುತ್ತದೆ. ಸಾಮಾನ್ಯ ಎಕ್ಸ್‌ಟೆನ್ಷನ್ ವೈರ್ ಅಷ್ಟು ಹೊತ್ತು ಅದನ್ನು ತಾಳದೆ ಕಾಯುತ್ತದೆ, ಕತ್ತಲಲ್ಲಿ ನಡೆದು ಬರುವ ವೃದ್ಧರು ಅದಕ್ಕೆ ಎಡವುತ್ತಾರೆ.

ನಿಮಗೂ ಹೀಗೆ ದಂಡ ಬಿದ್ದಿದ್ದರೆ, ಫಲಕ, ಪೆಟ್ಟಿಗೆ ಮತ್ತು ಕಾರು ಮೂರೂ ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೋ ತೆಗೆದು, ಆ್ಯಪ್‌ನ ಸಮಯದ ವಿವರದೊಂದಿಗೆ ಪಾಲಿಕೆಗೂ ಸಂಚಾರ ವಿಭಾಗಕ್ಕೂ ಒಂದೇ ದೂರನ್ನು ಸಲ್ಲಿಸಿ, ಪೆಟ್ಟಿಗೆಯ ಮುಂದಿನ ಜಾಗವನ್ನು ಸಮ-ಬೆಸ ನಿಯಮದಿಂದ ಹೊರಗಿಟ್ಟು ಅದನ್ನು ಫಲಕದಲ್ಲೇ ಬರೆಸಬೇಕೆಂದು ಕೇಳಿ. ನಾನು ಅದನ್ನೇ ಕೇಳಿದ್ದೇನೆ.